ಎಂಜಲು ವಾದ್ಯಕ್ಕೆ ಯಾರ ಪದ?



ಸಂಗೀತಕ್ಕೆ ಜಾತಿಯಿಲ್ಲ ಎನ್ನುವವರು ಕಚೇರಿಯ ಬಾಗಿಲಲ್ಲಿ ಹಂಚುವ ಹಾಳೆಯನ್ನು ಒಮ್ಮೆ ಓದಲಿ. ಏನೇನು ನುಡಿಸುತ್ತಾರೆ, ಯಾರು ರಚಿಸಿದ್ದು ಎಂದು ಅಚ್ಚು ಹಾಕಿರುತ್ತಾರಲ್ಲ, ಆ ಹಾಳೆ.

ನಮ್ಮ ಚಿಕ್ಕಪ್ಪನ ಮಗ ಅಂಥದೊಂದು ಹಾಳೆ ಹಿಡಿದು ನನ್ನ ರೂಮಿಗೆ ಬಂದ. ಚಿಕ್ಕಪ್ಪ ಇಪ್ಪತ್ತೈದು ವರ್ಷದಿಂದ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ಮಗ ಅದನ್ನು ಕೇಳಿಕೇಳಿಯೇ ಕಲಿತವನು, ಆಮೇಲೆ ಬೆಂಗಳೂರಿಗೆ ಬಂದು ಒಬ್ಬ ಮೇಷ್ಟರ ಹತ್ತಿರ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನೂ ಕಲಿತ. ಈಗ ಒಂದು ಗಂಟೆ ಅವನೊಬ್ಬನದೇ ಕಚೇರಿ. ಕನ್ನಡದಲ್ಲಿ ನಾಲ್ಕು ಮಾತು ಬರೆದುಕೊಡಣ್ಣ ಅಂದ. ಹಾಳೆ ನೋಡಿದೆ. ಮೊಜಾರ್ಟ್, ವೇಬರ್, ಬ್ರಾಮ್ಸ್. ಕೊನೆಯಲ್ಲಿ 'ಸಮಕಾಲೀನ' ಎಂಬ ತಲೆಬರಹದ ಕೆಳಗೆ ಪೂಲಾಂಕನ ಸೊನಾಟ.

ಆ ಸೊನಾಟ ಬರೆದದ್ದು 1962ರಲ್ಲಿ. ಅದನ್ನು 1963ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿಸಿದವನು ಬೆನ್ನಿ ಗುಡ್‌ಮನ್, ಚಿಕಾಗೊದ ಬಡ ವಲಸೆಗಾರ ದರ್ಜಿಯ ಮಗ. ಅಷ್ಟು ಹೊತ್ತಿಗೆ ಬರೆದವನೇ ತೀರಿಹೋಗಿದ್ದ. ಅರವತ್ತು ವರ್ಷ ದಾಟಿದ್ದು ಸಮಕಾಲೀನವಂತೆ. ಯಾರ ಕಾಲಕ್ಕೆ ಸಮ?

"ಇವನ್ನ ಆರಿಸ್ದೋರು ಯಾರ್ಲಾ?"

"ಕಮಿಟಿಯೋರು. ಹಾಲ್‌ಗೆ ಇವೇ ಒಪ್ತವಂತೆ ಕಣಣ್ಣ."

ಒಪ್ತವಂತೆ! ಈ ಮಾತನ್ನು ನಾವು ಮೊದಲೂ ಕೇಳಿದ್ದೇವೆ. 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದಾಗ, ಸಾಹಿತ್ಯದಲ್ಲಿ ಹಾಗೆಲ್ಲ ಭೇದವಿಲ್ಲ ಎಂದು ಪರಿಷತ್ತು ಬಾಗಿಲು ಹಾಕಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ನಡೆಸಿದರು. ಅದಕ್ಕೂ ಮುಂಚೆ, 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ ತಪ್ಪಿಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಸಾಹಿತ್ಯದಲ್ಲಿ ಈ ಜಗಳ ಐವತ್ತು ವರ್ಷದಿಂದ ನಡೆದಿದೆ. ಕಚೇರಿಯ ಹಾಳೆಯನ್ನು ಮಾತ್ರ ಯಾರೂ ಜರಡಿ ಹಿಡಿದಿಲ್ಲ.

ಕ್ಲಾರಿನೆಟ್ ಅಂದರೇನು? ಅದರ ಮೈ ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುವ ಕರಿಮರ. ಬಾಯಿಗೆ ಸಿಗುವುದು ಜೊಂಡಿನ ಒಂದು ಸೀಳು, ರೀಡು. ಎಂಜಲಾಗದೆ ಅದು ಉಲಿಯುವುದೇ ಇಲ್ಲ. ನಮ್ಮ ಚಿಕ್ಕಪ್ಪ ಊದುವ ಮುಂಚೆ ರೀಡನ್ನು ಬಾಯಲ್ಲಿಟ್ಟುಕೊಂಡು ನೆನೆಸುತ್ತಾನೆ, ಎಲೆಅಡಿಕೆ ಇಟ್ಟುಕೊಂಡ ಹಾಗೆ. ಈ ದೇಶದ ಮಡಿವಂತರು ಚರ್ಮದ ವಾದ್ಯವನ್ನು ಹೊಲೆಯೆಂದರು, ಊದುವ ವಾದ್ಯವನ್ನು ಎಂಜಲೆಂದರು. ಎರಡನ್ನೂ ನಮ್ಮಂಥವರ ಕೈಗೂ ಬಾಯಿಗೂ ಕೊಟ್ಟು, ನಾದವನ್ನು ಮಾತ್ರ ತಮ್ಮ ಮಂಗಳಕಾರ್ಯಕ್ಕೆ ಇಟ್ಟುಕೊಂಡರು. ಛತ್ರದ ಹೊರಗೆ ಬಿಸಿಲಲ್ಲಿ ನಿಂತು ಊದಬೇಕು, ಎಲ್ಲ ಪಂಕ್ತಿಯೂ ಎದ್ದ ಮೇಲೆ ಉಣ್ಣಬೇಕು. ತಾಳಿ ಕಟ್ಟುವ ಗಳಿಗೆಗೆ ಆ ಎಂಜಲುಸಿರೇ ಬೇಕು!

ಕ್ಲಾರಿನೆಟ್ ವೇದಿಕೆ ಹತ್ತಿಲ್ಲವೇ ಎಂದು ಕೇಳಬಹುದು. ಹತ್ತಿದೆ. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅದನ್ನು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಒಂಟಿಯಾಗಿ ನಿಲ್ಲಿಸಿದರು, 2008ರಲ್ಲಿ ಮದರಾಸಿನ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ನಮ್ಮ ರಾಯಚೂರಿನ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದೂಸ್ತಾನಿ ರಾಗ ಬೆಳೆಸಿದರು. ಅವರ ಸಾಧನೆಗೆ ಶರಣು. ಆದರೆ ವಾದ್ಯ ಮೇಲೆ ಹತ್ತಿದಾಗ ಪದ ಬದಲಾಗಲಿಲ್ಲ. ಅಲ್ಲಿ ಕೃತಿ, ಖಯಾಲು, ಇಲ್ಲಿ ಮೊಜಾರ್ಟ್. ಬೀದಿಯ ಪದ ಬೀದಿಯಲ್ಲೇ ಉಳಿಯಿತು.

ಇನ್ನು ನಮ್ಮವರ ಮಾತು. ಚಳವಳಿಯ ಗೆಳೆಯರೊಬ್ಬರು ಹುಡುಗನಿಗೆ, "ಅದು ಬಿಳಿಯರ ಪೀಪಿ ಕಣಯ್ಯ, ಬಿಸಾಕಿ ತಮಟೆ ಹಿಡಿ" ಅಂದರಂತೆ. ನನಗೆ ಮೈ ಉರಿದುಹೋಯಿತು. ತಮಟೆ ನಮ್ಮದು, ಒಪ್ಪಿದೆ. ಆದರೆ ನಿನ್ನ ಕೈಗೆ ತಮಟೆಯೇ ಸರಿ ಎಂದು ಮೊದಲು ಹೇಳಿದವನು ಊರಗೌಡ. ಅದನ್ನೇ ನೀವು ಕ್ರಾಂತಿಯ ಹೆಸರಲ್ಲಿ ಹೇಳಿದರೆ ಹುಡುಗ ಎಲ್ಲಿಗೆ ಹೋಗಬೇಕು? ಬಾಬಾಸಾಹೇಬರು ಸೂಟು ತೊಟ್ಟದ್ದು ಬಿಳಿಯರಾಗುವುದಕ್ಕಲ್ಲ.

ಪ್ರಶ್ನೆ ವಾದ್ಯದ್ದಲ್ಲ, ಪದದ್ದು. ಈ ವಾದ್ಯಕ್ಕೆ ಬರೆದ ಪದಗಳೆಲ್ಲ ಅರಮನೆಯವೇನೂ ಅಲ್ಲ. 1941ರ ಜನವರಿ 15ರಂದು ಗರ್ಲಿಟ್ಸ್ ಬಳಿಯ ನಾಜಿಗಳ ಯುದ್ಧಕೈದಿಗಳ ಶಿಬಿರದಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ, ಕೈದಿಗಳ ಮುಂದೆ ಕೈದಿಗಳೇ ಒಂದು ಕೃತಿ ನುಡಿಸಿದರು. ಬರೆದವನು ಮೆಸಿಯಾನ್, ಅವನೂ ಕೈದಿ. ಅದರ ಮೂರನೆಯ ಭಾಗ ಬರೀ ಕ್ಲಾರಿನೆಟ್ಟಿಗೆ, 'ಹಕ್ಕಿಗಳ ಪ್ರಪಾತ' ಎಂದು ಹೆಸರು. ಒಂದೇ ಸ್ವರ ಇಲ್ಲವೆಂಬಷ್ಟು ಸಣ್ಣಗೆ ಹುಟ್ಟಿ, ಬೆಳೆದು ಬೆಳೆದು ಕಿವಿ ಹರಿಯುವಂತಾಗುತ್ತದೆ. ಮೆಸಿಯಾನ್ ಮಹಾ ದೈವಭಕ್ತ, ಅವನ ದೇವರ ಗೊಡವೆ ನನಗೆ ಬೇಡ. ನನಗೆ ಬೇಕಾದವನು ಅಂದು ಕ್ಲಾರಿನೆಟ್ ಊದಿದ ಆನ್ರಿ ಅಕೋಕ. ಅಲ್ಜೀರಿಯದಲ್ಲಿ ಹುಟ್ಟಿದ ಯಹೂದಿ. ಅದೇ ವರ್ಷ ಓಡುವ ರೈಲಿನಿಂದ ಹಾರಿ ತಪ್ಪಿಸಿಕೊಂಡ, ಕಂಕುಳಲ್ಲಿ ಕ್ಲಾರಿನೆಟ್ ಅವುಚಿಕೊಂಡು.

ಕರಿಯರ ಹಾಡು ಕೇಳಿ. 2014ರಲ್ಲಿ ಆಂಥೊನಿ ಮೆಕ್‌ಗಿಲ್ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನ ಮುಖ್ಯ ಕ್ಲಾರಿನೆಟ್ ವಾದಕನಾದ. 1842ರಲ್ಲಿ ಹುಟ್ಟಿದ ಆ ವಾದ್ಯವೃಂದದಲ್ಲಿ ಯಾವುದೇ ವಾದ್ಯದ ಮುಖ್ಯಸ್ಥಾನಕ್ಕೆ ಒಬ್ಬ ಕರಿಯ ಬಂದದ್ದು ಅದೇ ಮೊದಲು. ನೂರ ಎಪ್ಪತ್ತೆರಡು ವರ್ಷ! 2020ರಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸರು ಕೊಂದಾಗ, ಅವನು ತನ್ನ ದೇಶವನ್ನು ಹೊಗಳುವ ಹಾಡೊಂದನ್ನೇ ಶೋಕದ ಸ್ವರಕ್ಕೆ ತಿರುಗಿಸಿ ನುಡಿಸಿ, ಕ್ಲಾರಿನೆಟ್ಟನ್ನು ಬೆನ್ನಹಿಂದೆ ಹಿಡಿದು ಎರಡೂ ಮಂಡಿಯೂರಿದ. ಪೊಲೀಸರು ತನ್ನನ್ನೇ ಅಡ್ಡಗಟ್ಟಿದ ಅನುಭವದಿಂದ ಆಂಥೊನಿ ಡೇವಿಸ್ ಒಂದು ಕ್ಲಾರಿನೆಟ್ ಕೃತಿ ಬರೆದಿದ್ದಾನೆ. ಬಂಧಿಸುವಾಗ ಅಲ್ಲಿನ ಪೊಲೀಸರು ಹೇಳುವ ಮಾತೇ ಅದರ ಹೆಸರು: ಸುಮ್ಮನಿರುವ ಹಕ್ಕು ನಿನಗಿದೆ. ನಮ್ಮ ಕೇರಿಗಳಿಗೆ ಸಾವಿರ ವರ್ಷದಿಂದ ಇದ್ದದ್ದು ಆ ಹಕ್ಕೊಂದೇ ಅಲ್ಲವೇ? 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬಿಗೆ ಸತ್ತ ನಾಲ್ಕು ಹೆಣ್ಣುಮಕ್ಕಳ ಮೇಲೆ ಡ್ಯಾನಿಯಲ್‌ಪೂರ್ ಬರೆದದ್ದಿದೆ. ಮುಹಮ್ಮದ್ ಅಲಿಯ ಬದುಕಿನ ಮೇಲೆ ವ್ಯಾಲರಿ ಕೋಲ್‌ಮನ್ ಎಂಬ ಕರಿಯ ಹೆಣ್ಣುಮಗಳು ಬರೆದದ್ದಿದೆ.

ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿದೆ. ಹುಡುಗ ತಣ್ಣಗೆ, "ಅಣ್ಣ, ಡೇವಿಸ್‌ದಕ್ಕೆ ಆರ್ಕೆಸ್ಟ್ರಾ ಬೇಕು. ಉಳಿದವೆರಡಕ್ಕೆ ನಾಕು ಜನ ಪಿಟೀಲು ಚೆಲ್ಲೋದೋರು ಬೇಕು. ದುಡ್ಡು ನೀ ಕೊಡ್ತೀಯಾ?" ಅಂದ. ನಾನು ತೆಪ್ಪಗಾದೆ. ಆಮೇಲೆ ಇಬ್ಬರೂ ಕೂತು ಒಬ್ಬನೇ ನುಡಿಸಬಹುದಾದ್ದನ್ನು ಹುಡುಕಿದೆವು. ಬೂಲೆಸ್, ಬೇರಿಯೊ ಅಂದ. ಅದು ಸಂಗೀತದ ನವ್ಯ, ಕಷ್ಟವಾಗಿದ್ದರೆ ದೊಡ್ಡದು ಅಂದುಕೊಂಡವರದು ಅಂತ ರೇಗಿದೆ. "ಕೇಳ್ದೆ ಬೈಬೇಡ" ಎಂದು ಬೇರಿಯೊ 1980ರಲ್ಲಿ ಬರೆದದ್ದನ್ನು ಕೇಳಿಸಿದ. ಒಂದೇ ಉಸಿರಲ್ಲಿ ಎರಡು ಮೂರು ಸ್ವರ ಒಡೆದು ಬರುವ ಜಾಗವಿತ್ತು. ರೀಡು ಸೀಳಿದಾಗ ಚಿಕ್ಕಪ್ಪನ ಕ್ಲಾರಿನೆಟ್ ಹೀಗೇ ಒದರಿ, ಮದುವೆಮನೆಯವರು ಕೂಲಿ ಹಿಡಿದದ್ದು ನೆನಪಾಯಿತು. ಅಲ್ಲಿ ಕಲೆಯಾದದ್ದು ಇಲ್ಲಿ ಕೂಲಿಗೆ ಕತ್ತರಿ! ಆದರೂ ಅದು ಬೇಡವೆಂದೇ ನನ್ನ ಪಟ್ಟು. ಸ್ಟೀವ್ ರೈಕ್ 1985ರಲ್ಲಿ ಬರೆದದ್ದು ಇಬ್ಬರಿಗೂ ಹಿಡಿಸಿತು. ಹನ್ನೊಂದು ಕ್ಲಾರಿನೆಟ್ಟಿನ ಪದ, ಹತ್ತನ್ನು ಮೊದಲೇ ರೆಕಾರ್ಡು ಮಾಡಿಕೊಂಡು ಹನ್ನೊಂದನೆಯದನ್ನು ಎದುರಿಗೆ ನುಡಿಸುವುದು. ಕೂಲಿ ಹಂಚಬೇಕಿಲ್ಲದ ಬ್ಯಾಂಡ್‌ಸೆಟ್ಟು! ಅದರಲ್ಲಿ ಬಾಸ್ ಕ್ಲಾರಿನೆಟ್ಟೂ ಬೇಕು, ಅದನ್ನು ಎರವಲು ಕೇಳಿದ್ದಾನೆ.

ಮೆಸಿಯಾನ್ ಇರಲಿ, ರೈಕ್ ಇರಲಿ. ಬ್ರಾಮ್ಸ್‌ನದೊಂದು ಇರಲಿ ಎಂದು ಹುಡುಗ ಹಟ ಹಿಡಿದ. ಅವನಿಗದು ಇಷ್ಟ. ಇಷ್ಟಪಡುವ ಹಕ್ಕು ಅವನಿಗೂ ಇದೆ.

ಇನ್ನೊಂದು ಉಳಿಯಿತು. ನಮ್ಮಜ್ಜಿ ಸತ್ತಾಗ ಹೆಣದ ಮುಂದೆ ಚಿಕ್ಕಪ್ಪ ಒಂದು ಪದ ಊದಿದ. ಸಿನಿಮಾದ್ದಲ್ಲ, ಯಾರಿಂದಲೂ ಕಲಿತದ್ದಲ್ಲ, ಅವನೇ ಕಟ್ಟಿದ್ದು. ಈಗ ಸುತ್ತ ಹತ್ತೂರಿನ ಸಾವಿಗೆ ಅದನ್ನೇ ಕೇಳುತ್ತಾರೆ. ಮಗ ಮೂರು ರಾತ್ರಿ ಕೂತು ಅದನ್ನು ಐದು ಗೆರೆಗೆ ಇಳಿಸಿದ. ಸ್ವರದಿಂದ ಸ್ವರಕ್ಕೆ ಜಾರುವುದು ಗೆರೆಗೆ ಸಿಗಲಿಲ್ಲ. ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ 'ಅಪ್ಪನ ಹಂಗೆ' ಎಂದು ಬರೆದುಕೊಂಡಿದ್ದಾನೆ. ಚಿಕ್ಕಪ್ಪನಿಗೆ ಹೇಳಿದರೆ ಅವನು ಗಾಬರಿಯಾದ: "ಹೆಣದ ಪದ ಕಣ್ರಲಾ ಅದು. ದೊಡ್ಡೋರು ಕೂತಿರೋ ಕಡೆ ಊದ್ಬಾರ್ದು."

ಹಾಳೆಯನ್ನು ನಾನೇ ಪ್ರೆಸ್ಸಿಗೆ ಒಯ್ದೆ. ಮೊಳೆ ಜೋಡಿಸುವ ಕಾಲ ಹೋಯಿತು, ಕಂಪ್ಯೂಟರ್ ಮುಂದೆ ಕೂತ ಹುಡುಗ ಟೈಪು ಮಾಡುತ್ತಾ ಚಿಕ್ಕಪ್ಪನ ಸಾಲಿಗೆ ಬಂದವನು ನಿಲ್ಲಿಸಿದ. ಬ್ರಾಮ್ಸ್‌ಗೆ, ಮೆಸಿಯಾನ್‌ಗೆ 'ರಚನೆ' ಅಂತ ಹಾಕಿದ್ದೀನಿ, ಇದಕ್ಕೆ 'ಜಾನಪದ' ಅಂತ ಹಾಕಲಾ ಸಾರ್, ಎಲ್ಲರೂ ಹಂಗೇ ಹಾಕಿಸ್ತಾರೆ, ಅಂದ.

ರಚನೆ ಅಂತಲೇ ಹಾಕಪ್ಪ ಅಂದೆ. ಚಿಕ್ಕಪ್ಪನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ.