ವಾಟ್ಸ್‌ಆ್ಯಪ್ ಗುಂಪು ಸೇರಿದರೆ ಜರ್ಮನ್ ಬರುತ್ತದೆಯೇ?

‘ಈ ಗುಂಪಿಗೆ ಸೇರಿ, 30 ದಿನದಲ್ಲಿ ಜರ್ಮನ್ ಮಾತಾಡಿ’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಜರ್ಮನಿಗೆ ಹೋಗಬೇಕೆಂದಿರುವ ನರ್ಸ್‌ಗಳಿಗೆ ಇದು ಆಸೆ ಹುಟ್ಟಿಸುವ ಮಾತು. ಆದರೆ ಅಲ್ಲಿ ನರ್ಸ್ ಎಂಬ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಯುರೋಪಿನ ಆರು ಹಂತಗಳ ಅಳತೆಯಲ್ಲಿ ಅದು ನಾಲ್ಕನೆಯದು. 30 ದಿನದಲ್ಲಿ ಮೊದಲ ಹಂತ ಮುಗಿದರೂ ದೊಡ್ಡದು.

ಹಾಗಾದರೆ ಗುಂಪು ದಂಡವೇ? ಅಲ್ಲ. ಅದರಲ್ಲಿ ನೀವೇನು ಮಾಡುತ್ತೀರಿ ಎಂಬುದೇ ಪ್ರಶ್ನೆ. ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಕಲಿತ, ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಭಾಷಾತಜ್ಞೆ ಮೆರಿಲ್ ಸ್ವೇನ್ ಗಮನಿಸಿದ್ದರು. ಕೇಳಿದ್ದು, ಓದಿದ್ದು ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತು, ಬರವಣಿಗೆಯಲ್ಲಿ ಮಾತ್ರ ತಪ್ಪುಗಳು ಉಳಿದಿದ್ದವು. ತಾವೇ ವಾಕ್ಯ ಕಟ್ಟುವ ಅವಕಾಶ ಸಾಲದು ಎಂಬುದು 1985ರಲ್ಲಿ ಸ್ವೇನ್ ಕೊಟ್ಟ ವಿವರಣೆ. ಬಂದ ಪಿಡಿಎಫ್ ಇಳಿಸಿಕೊಂಡು ಸುಮ್ಮನಿರುವವರ ಕಥೆಯೂ ಇದೇ. (ನನ್ನ ಫೋನಿನಲ್ಲೂ ತೆರೆಯದ ಪಿಡಿಎಫ್‌ಗಳಿವೆ.)

ಇನ್ನೊಂದು ತೊಡಕು, ತಿದ್ದುವವರು ಯಾರು ಎಂಬುದು. ‘ನಾನು ಹೋದೆ’ ಎನ್ನಲು ಜರ್ಮನ್‌ನಲ್ಲಿ ‘ಇಶ್ ಬಿನ್ ಗೆಗಾಂಗೆನ್’ ಎನ್ನಬೇಕು. ಹೊಸಬರು ಸುಲಭವಾಗಿ ‘ಇಶ್ ಹಾಬೆ ಗೆಗಾಂಗೆನ್’ ಎಂದುಬಿಡುತ್ತಾರೆ. ಗುಂಪಿನ ನೂರಾರು ಜನರೂ ಹೊಸಬರೇ ಆದರೆ ಆ ತಪ್ಪಿಗೂ ಹೆಬ್ಬೆರಳಿನ ಮೆಚ್ಚುಗೆ ಬೀಳುತ್ತದೆ! ಐದಾರು ಜನ, ಅವರಲ್ಲಿ ಭಾಷೆ ಬಲ್ಲ ಒಬ್ಬರು, ದಿನಕ್ಕೊಂದು ವಾಯ್ಸ್ ಮೆಸೇಜ್ ಇದ್ದರೆ ಕಲಿಕೆ ಸಾಗುತ್ತದೆ.

ಆದರೆ ವಾಯ್ಸ್ ಮೆಸೇಜನ್ನು ಅಳಿಸಿ ಮತ್ತೆ ಹೇಳಬಹುದು. ಬೆಂಗಳೂರಿನಲ್ಲೂ ಇರುವ ಮ್ಯಾಕ್ಸ್ ಮುಲ್ಲರ್ ಭವನದ ಬಿ2 ಪರೀಕ್ಷೆಯಲ್ಲಿ ಜೊತೆಗಾರರೊಂದಿಗೆ ಅಲ್ಲೇ ಚರ್ಚಿಸಬೇಕು. ಹಾಗಾಗಿ ವಾರಕ್ಕೊಮ್ಮೆಯಾದರೂ ಗುಂಪಿನವರಿಗೆ ಕರೆ ಮಾಡಿ, ನೇರವಾಗಿ ಮಾತಾಡಿ.