ಎಣಿಸಬೇಕಾದ್ದು 16 ಅಲ್ಲ, 25

ರ‍್ಯಾನ್ ಕೂಗ್ಲರ್ ಎಂಬ ಕಪ್ಪು ನಿರ್ದೇಶಕರ ‘ಸಿನ್ನರ್ಸ್’ ಚಿತ್ರಕ್ಕೆ 2026ರ ಜನವರಿಯಲ್ಲಿ 16 ಆಸ್ಕರ್ ನಾಮನಿರ್ದೇಶನಗಳು ಬಂದಾಗಿನಿಂದ ಎಲ್ಲರ ಬಾಯಲ್ಲೂ ಅದೇ ಸಂಖ್ಯೆ. ‘ಆಲ್ ಅಬೌಟ್ ಈವ್’, ‘ಟೈಟಾನಿಕ್’, ‘ಲಾ ಲಾ ಲ್ಯಾಂಡ್’ ಚಿತ್ರಗಳ 14ರ ದಾಖಲೆ ಮುರಿಯಿತು. ಸಿನಿಮಾ, ಟಿವಿ, ಸಂಗೀತದ ಮೇಲೆ ಕಪ್ಪು ಕಲಾವಿದರ ‘ಪ್ರಭಾವ’ ಎಷ್ಟು ದೊಡ್ಡದೆಂದು ಕೊಂಡಾಡಲು ಇದೊಂದು ಹೊಸ ನೆಪವೂ ಆಯಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಚಿತ್ರದ ವಿಷಯದಲ್ಲಿ ನೆನಪಿಡಬೇಕಾದ ಸಂಖ್ಯೆ 16 ಅಲ್ಲ, 25. ಬಿಡುಗಡೆಯಾಗಿ 25 ವರ್ಷ ತುಂಬಿದ ಮೇಲೆ ‘ಸಿನ್ನರ್ಸ್’ನ ಹಕ್ಕು ವಾರ್ನರ್ ಬ್ರದರ್ಸ್‌ನಿಂದ ಕೂಗ್ಲರ್ ಕೈಗೆ ಮರಳುತ್ತದೆ. ಕರಾರಿನಲ್ಲಿರುವ ಈ ಒಂದು ಸಾಲು ಪ್ರಶಸ್ತಿಗಳೆಲ್ಲಕ್ಕಿಂತ ತೂಕದ್ದು.

ಪ್ರಶಸ್ತಿ ಬರುವುದು ಹೊಸದೇನಲ್ಲ. ಕಪ್ಪು ನಟಿ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ 1940ರಲ್ಲೇ ಆಸ್ಕರ್ ಬಂದಿತ್ತು. ಅಂದು ರಾತ್ರಿ ಅವರನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದ್ದರು. ಕೃತಿಯೆಂಬ ಆಸ್ತಿ ಮಾತ್ರ ಅಂದಿನಿಂದ ಇಂದಿನವರೆಗೂ ಬಹುಪಾಲು ಬೇರೆಯವರ ಹೆಸರಿನಲ್ಲೇ ಇದೆ.

2025ರ ಏಪ್ರಿಲ್‌ನಲ್ಲಿ ಕೂಗ್ಲರ್ ಕರಾರು ಚರ್ಚೆಗೆ ಬಂದಾಗ ಹಾಲಿವುಡ್‌ನ ಅಧಿಕಾರಿಗಳು ಹೆಸರು ಹೇಳಿಕೊಳ್ಳದೆ ಪತ್ರಕರ್ತರ ಮುಂದೆ ಗೋಳಾಡಿದರು. ಇದು ಅಪಾಯಕಾರಿ ಮೇಲ್ಪಂಕ್ತಿಯಂತೆ, ಸ್ಟುಡಿಯೊ ವ್ಯವಸ್ಥೆಗೇ ಕುತ್ತು ತರುತ್ತದಂತೆ. ಹಾಗಾದರೆ 2019ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ಗಾಗಿ ಕ್ವೆಂಟಿನ್ ಟ್ಯಾರಂಟಿನೊ ಸೋನಿಯಿಂದ ಇಂಥದ್ದೇ ಷರತ್ತು ಬರೆಸಿಕೊಂಡ ಸುದ್ದಿ ಬಂದಾಗ ವ್ಯವಸ್ಥೆ ಏಕೆ ಕುಸಿಯಲಿಲ್ಲ? ರಿಚರ್ಡ್ ಲಿಂಕ್‌ಲೇಟರ್ ‘ಬಾಯ್‌ಹುಡ್’ನಲ್ಲಿ ಪಾಲು ಉಳಿಸಿಕೊಂಡಾಗ ಯಾರಿಗೂ ನಿದ್ದೆ ಕೆಡಲಿಲ್ಲವಲ್ಲ? ಬಿಳಿಯ ನಿರ್ದೇಶಕರಾದ ಅವರು ಕೇಳಿದಾಗ ಅದು ಪ್ರತಿಭೆಗೆ ಸಂದ ಗೌರವವಾಗಿತ್ತು. 1932ರ ಮಿಸಿಸಿಪ್ಪಿಯಲ್ಲಿ ಇಬ್ಬರು ಅವಳಿ ಸೋದರರು ಒಂದು ಹಳೆಯ ಮರದ ಮಿಲ್ಲನ್ನು ಕೊಂಡು, ಅಲ್ಲಿ ತಮ್ಮವರಿಗಾಗಿ ಹಾಡು–ಕುಣಿತದ ಜಾಗ ಕಟ್ಟುವ ಕಥೆ ‘ಸಿನ್ನರ್ಸ್’ನದು. ಕಪ್ಪುವರ್ಣೀಯರ ಒಡೆತನದ ಕುರಿತ ಈ ಚಿತ್ರವನ್ನು ಮಾಡಿದವನು ಅದರ ಒಡೆತನವನ್ನೇ ಕೇಳಿದಾಗ ಅಪಾಯ ಕಾಣಿಸಿತು.

‘ಪ್ರಭಾವ’ ಎಂಬ ಮಾತು ನನಗೆ ಸಿಟ್ಟು ತರಿಸುವುದು ಇಲ್ಲಿಯೇ. ಪ್ರಭಾವಕ್ಕೆ ರಾಯಲ್ಟಿ ಇಲ್ಲ. ಗಾಯಕ ಲಿಟಲ್ ರಿಚರ್ಡ್ 1955ರ ‘ಟೂಟಿ ಫ್ರೂಟಿ’ ಹಾಡಿನ ಹಕ್ಕನ್ನು ತಾವು 50 ಡಾಲರಿಗೆ ಮಾರಿದ್ದಾಗಿ ಹೇಳಿಕೊಂಡಿದ್ದರು. ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಜೇಮ್ಸ್ ಬ್ರೌನ್ ತಂಡಕ್ಕಾಗಿ ಸಿನ್ಸಿನಾಟಿಯಲ್ಲಿ ಬಾರಿಸಿದ ‘ಫಂಕಿ ಡ್ರಮರ್’ನ ಕೆಲವೇ ಸೆಕೆಂಡುಗಳ ಡ್ರಮ್ಸ್ ತುಣುಕು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳೊಳಗೆ ಸೇರಿತು, ಹಿಪ್‌ಹಾಪ್‌ನ ಒಂದಿಡೀ ಪೀಳಿಗೆ ಅದರ ಮೇಲೆ ನಿಂತಿತು. ಹಾಡಿನ ಕರ್ತೃವಾಗಿ ದಾಖಲಾಗಿದ್ದು ಬ್ರೌನ್ ಹೆಸರು. ಸ್ಟಬಲ್‌ಫೀಲ್ಡ್‌ಗೆ ಆ ತುಣುಕುಗಳಿಂದ ರಾಯಲ್ಟಿ ಬರಲಿಲ್ಲ. ಅವರಿಗೆ ಕ್ಯಾನ್ಸರ್ ಬಂದಾಗ ಸುಮಾರು 80 ಸಾವಿರ ಡಾಲರಿನ ಆಸ್ಪತ್ರೆ ಬಿಲ್ಲನ್ನು ಸದ್ದಿಲ್ಲದೆ ಕಟ್ಟಿದ್ದು ಗಾಯಕ ಪ್ರಿನ್ಸ್. ತಮ್ಮ ಹಾಡುಗಳ ಮೂಲ ಮುದ್ರಿಕೆಗಳಿಗಾಗಿ ಕಂಪನಿಯೊಂದಿಗೆ ಹೋರಾಡುತ್ತ ಕೆನ್ನೆಯ ಮೇಲೆ ‘ಗುಲಾಮ’ ಎಂದು ಬರೆದುಕೊಂಡು ವೇದಿಕೆ ಹತ್ತಿದವರು ಅವರೇ.

ಆದರೆ 25ರ ನಿಜವಾದ ಪೂರ್ವಕಥೆ ಇರುವುದು ಅಮೆರಿಕದಲ್ಲಲ್ಲ. ಕೂಗ್ಲರ್ ಕರಾರಿನ ಬಗ್ಗೆ ಪುಟಗಟ್ಟಲೆ ಬರೆದವರಲ್ಲಿ ಅದನ್ನು ನೆನೆದವರು ನನಗೆ ಕಾಣಲಿಲ್ಲ.

ಸಾಲೊಮನ್ ಲಿಂಡಾ ದಕ್ಷಿಣ ಆಫ್ರಿಕಾದ ಜುಲು ಗಾಯಕ. ಜೊಹಾನೆಸ್‌ಬರ್ಗ್‌ನ ಗ್ಯಾಲೊ ಕಂಪನಿಯಲ್ಲಿ ಧ್ವನಿಮುದ್ರಿಕೆಗಳನ್ನು ಕಟ್ಟಿಡುವ ಕೆಲಸಗಾರ. 1939ರಲ್ಲಿ ತನ್ನ ‘ಈವ್ನಿಂಗ್ ಬರ್ಡ್ಸ್’ ತಂಡದೊಂದಿಗೆ ‘ಎಂಬೂಬೆ’ ಹಾಡಿದ. ಜುಲು ಭಾಷೆಯಲ್ಲಿ ಹಾಗೆಂದರೆ ಸಿಂಹ. ಧ್ವನಿಮುದ್ರಣ ನಡೆಯುತ್ತಿರುವಾಗಲೇ ಅವನ ಗಂಟಲಿನಿಂದ ಎದ್ದ ತಾರಸ್ಥಾಯಿಯ ಆಲಾಪವನ್ನು ಇಂದು ಜಗತ್ತಿನ ಪ್ರತಿ ಮಗುವೂ ಗುನುಗಬಲ್ಲದು. ಹಾಡಿನ ಹಕ್ಕು ಗ್ಯಾಲೊ ಕಂಪನಿಗೆ ಹೋದದ್ದು 10 ಶಿಲ್ಲಿಂಗ್‌ಗೆ. ಪೀಟ್ ಸೀಗರ್ ಅವರ ‘ವೀವರ್ಸ್’ ತಂಡ ಅದನ್ನು ಅಮೆರಿಕಕ್ಕೆ ಒಯ್ದಿತು. 1961ರಲ್ಲಿ ‘ಟೋಕನ್ಸ್’ ಹಾಡಿದ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಮೊದಲ ಸ್ಥಾನಕ್ಕೇರಿತು. ಮರುವರ್ಷ ಲಿಂಡಾ ಬಡತನದಲ್ಲೇ ತೀರಿಕೊಂಡ. ಸಮಾಧಿಗೊಂದು ಕಲ್ಲು ನಿಲ್ಲಿಸಲು ಹೆಂಡತಿಗೆ ವರ್ಷಗಳೇ ಹಿಡಿದವು. 1994ರಲ್ಲಿ ಡಿಸ್ನಿಯ ‘ದಿ ಲಯನ್ ಕಿಂಗ್’ನಲ್ಲೂ ಆ ರಾಗ ಕೇಳಿಸಿತು. ಹಾಡು ಒಟ್ಟು ಗಳಿಸಿದ್ದು ಸುಮಾರು 1.5 ಕೋಟಿ ಡಾಲರ್ ಎಂದು ಪತ್ರಕರ್ತ ರಿಯಾನ್ ಮಲಾನ್ 2000ರಲ್ಲಿ ‘ರೋಲಿಂಗ್ ಸ್ಟೋನ್’ನಲ್ಲಿ ಅಂದಾಜು ಮಾಡಿದರು.

ಲಿಂಡಾನ ಹೆಣ್ಣುಮಕ್ಕಳ ಪರ ನಿಂತ ವಕೀಲ ಓವೆನ್ ಡೀನ್ ಕಪಾಟಿನಿಂದ ಹೊರತೆಗೆದದ್ದು ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯ್ದೆಯನ್ನು. ಕರ್ತೃ ಬದುಕಿದ್ದಾಗ ಹಕ್ಕನ್ನು ಯಾರಿಗೇ ಬರೆದುಕೊಟ್ಟಿರಲಿ, ಅವನು ಸತ್ತ 25 ವರ್ಷಕ್ಕೆ ಅದು ವಾರಸುದಾರರಿಗೆ ಹಿಂದಿರುಗಬೇಕು ಎಂಬ ಷರತ್ತು ಅದರಲ್ಲಿತ್ತು. ಕೃತಿ ಮಾರುವ ದಿನ ಅದರ ಬೆಲೆ ಬಡ ಲೇಖಕನಿಗೆ ತಿಳಿದಿರುವುದಿಲ್ಲ, ಅವನ ಮಕ್ಕಳಿಗೆ ಎರಡನೇ ಅವಕಾಶ ಸಿಗಬೇಕು ಎಂಬುದೇ ಅದರ ಹಿಂದಿನ ವಿಚಾರ. ಆ ಲೆಕ್ಕದಂತೆ ಹಳೆಯ ಸಾಮ್ರಾಜ್ಯದ ನಾಡುಗಳಲ್ಲಿ ‘ಎಂಬೂಬೆ’ಯ ಹಕ್ಕು 1987ರಲ್ಲೇ ಮನೆಗೆ ಮರಳಬೇಕಿತ್ತು. 2004ರಲ್ಲಿ ದಾವೆ ಬಿತ್ತು. ಡಿಸ್ನಿಯನ್ನು ದಕ್ಷಿಣ ಆಫ್ರಿಕಾದ ಕೋರ್ಟಿನ ವ್ಯಾಪ್ತಿಗೆ ತರಲು ಅದರ ಟ್ರೇಡ್‌ಮಾರ್ಕ್‌ಗಳನ್ನೇ ಜಪ್ತಿ ಮಾಡಿಸಲಾಯಿತು. 2006ರ ಫೆಬ್ರುವರಿಯಲ್ಲಿ ರಾಜಿಯಾಗಿ ಕುಟುಂಬಕ್ಕೆ ಹಣ ಸಂದಿತು. ‘ಪ್ರಭಾವ’ದ ಮೇಲಿನ ಯಾವ ಭಾಷಣದಿಂದಲೂ ಆಗದ್ದು ಕಾನೂನಿನ ಒಂದು ಹಳೆಯ ಸಾಲಿನಿಂದ ಆಯಿತು.

ಇದು ನಮಗೆ ದೂರದ ಕಥೆಯೂ ಅಲ್ಲ. ಅದೇ ಕಾಯ್ದೆಯನ್ನು 1914ರಲ್ಲಿ ಬ್ರಿಟಿಷ್ ಭಾರತಕ್ಕೂ ತಂದಿದ್ದರು. ಧಾರವಾಡ, ಮಂಗಳೂರಿನಲ್ಲಿ ಕೂತು ಬರೆಯುತ್ತಿದ್ದವರೆಲ್ಲ ಅದರಡಿಯಲ್ಲೇ ಇದ್ದರು. 1957ರ ನಮ್ಮ ಸ್ವಂತ ಕಾಯ್ದೆಯಲ್ಲಿ ಆ ಷರತ್ತು ಉಳಿಯಲಿಲ್ಲ. 2012ರ ತಿದ್ದುಪಡಿ ಬರುವವರೆಗೆ ಚಿತ್ರಗೀತೆ ಬರೆದವರು, ರಾಗ ಹಾಕಿದವರು ಒಂದೇ ಸಹಿಯಲ್ಲಿ ಎಲ್ಲವನ್ನೂ ನಿರ್ಮಾಪಕರಿಗೆ ಬರೆದುಕೊಡುವುದೇ ರೂಢಿಯಾಗಿತ್ತು.

ಬಂಡವಾಳ ಹಾಕಿ ನಷ್ಟದ ಭಯ ಹೊತ್ತವನಿಗೆ ಹಕ್ಕು ಸೇರಬೇಡವೇ ಎಂದು ಕೇಳುವವರಿದ್ದಾರೆ. ಸೇರಲಿ, 25 ವರ್ಷ ಸೇರಲಿ. ‘ಸಿನ್ನರ್ಸ್’ಗೆ ಹಾಕಿದ್ದು ಸುಮಾರು 9 ಕೋಟಿ ಡಾಲರ್, ಚಿತ್ರಮಂದಿರಗಳಲ್ಲೇ 36 ಕೋಟಿ ಡಾಲರಿಗೂ ಹೆಚ್ಚು ಗಳಿಕೆಯಾಯಿತು. ಟಿವಿ, ಸ್ಟ್ರೀಮಿಂಗ್, ವಿಮಾನದೊಳಗಿನ ಪುಟ್ಟ ಪರದೆಯವರೆಗೆ ಕಾಲು ಶತಮಾನದ ಆದಾಯ ಇನ್ನೂ ಸ್ಟುಡಿಯೊದ ಮುಂದಿದೆ. 2025ರ ಡಿಸೆಂಬರಿನಲ್ಲಿ ವಾರ್ನರ್ ಅನ್ನು ಕೊಳ್ಳಲು ನೆಟ್‌ಫ್ಲಿಕ್ಸ್ ಮತ್ತು ಪ್ಯಾರಾಮೌಂಟ್ ಪೈಪೋಟಿಗೆ ಬಿದ್ದದ್ದು ಬರ್ಬ್ಯಾಂಕ್‌ನಲ್ಲಿರುವ ಅದರ ಕಟ್ಟಡಗಳಿಗಾಗಿಯೇ? ಹಳೆಯ ಚಿತ್ರಗಳ ಭಂಡಾರಕ್ಕಾಗಿ. ಹಳೆಯ ಚಿತ್ರ ಎಂದೆಂದಿಗೂ ಹಾಲು ಕೊಡುವ ಹಸು ಎಂಬುದು ಸ್ಟುಡಿಯೊಗಳಿಗೆ ಚೆನ್ನಾಗಿ ಗೊತ್ತು. ಕೂಗ್ಲರ್‌ಗೂ ಗೊತ್ತಿದೆ ಎಂಬುದೇ ಅವರ ತಕರಾರು.

ಅಮೆರಿಕದ ಕಾನೂನಿನಲ್ಲಿ ಮರಳಿ ಪಡೆಯುವ ದಾರಿಯೇ ಇಲ್ಲವೆಂದಲ್ಲ. 1976ರ ಕಾಯ್ದೆಯ ಪ್ರಕಾರ ಬರೆದುಕೊಟ್ಟ ಹಕ್ಕನ್ನು 35 ವರ್ಷದ ಬಳಿಕ ಹಿಂಪಡೆಯಬಹುದು. ಆದರೆ ‘ಕೂಲಿಗೆ ಮಾಡಿಸಿದ ಕೃತಿ’ಗೆ ಅದು ಅನ್ವಯಿಸದು, ಸಿನಿಮಾ ಸಾಮಾನ್ಯವಾಗಿ ಆ ಲೆಕ್ಕಕ್ಕೇ ಸೇರುತ್ತದೆ. 1999ರಲ್ಲಿ ಧ್ವನಿಮುದ್ರಿಕೆಗಳನ್ನೂ ಅದೇ ಪಟ್ಟಿಗೆ ಸೇರಿಸುವ ಸಾಲೊಂದನ್ನು ಬೇರೆ ಮಸೂದೆಯೊಳಗೆ ನುಸುಳಿಸಿದರು. ಕಲಾವಿದರು ಬೊಬ್ಬೆ ಹಾಕಿದ ಮೇಲೆ ಮರುವರ್ಷ ಅದನ್ನು ತೆಗೆಯಬೇಕಾಯಿತು. ಆದರೂ ತೊಡಕು ಬಗೆಹರಿದಿಲ್ಲ: ಹಿಪ್‌ಹಾಪ್‌ನ ಸಾಲ್ಟ್–ಎನ್–ಪೆಪಾ ತಮ್ಮದೇ ಹಾಡುಗಳಿಗಾಗಿ 2025ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕಪ್ಪು ಕಲಾವಿದರ ಕೊಡುಗೆಯನ್ನು ಸಂಭ್ರಮಿಸುವ ಮನಸ್ಸು ಅಮೆರಿಕದ ಸಂಸತ್ತಿಗೆ ನಿಜವಾಗಿಯೂ ಇದ್ದರೆ, ಮಾಡಬೇಕಾದ ಕೆಲಸ ಈ ಒಂದು ಕಲಮಿನಲ್ಲಿದೆ. ಆ 35ನ್ನು 25ಕ್ಕೆ ಇಳಿಸಲಿ, ಕೂಲಿಯ ನೆಪವನ್ನು ಕಿತ್ತುಹಾಕಲಿ.

ಈಗಿರುವಂತೆ, ಒಡೆತನ ಬರೆಸಿಕೊಳ್ಳಲು ಸಾಧ್ಯವಾಗುವುದು ಸ್ಟುಡಿಯೊವನ್ನೇ ಮಣಿಸಬಲ್ಲಷ್ಟು ಗೆದ್ದವರಿಗೆ ಮಾತ್ರ. 1959ರಲ್ಲಿ ಎಬಿಸಿ–ಪ್ಯಾರಾಮೌಂಟ್ ರೆಕಾರ್ಡ್ ಕಂಪನಿಯಿಂದ ಮೂಲ ಮುದ್ರಿಕೆಗಳ ಒಡೆತನ ಬರೆಸಿಕೊಂಡ ಗಾಯಕ ರೇ ಚಾರ್ಲ್ಸ್ ಆ ಎತ್ತರದಲ್ಲಿದ್ದರು. ‘ಬ್ಲ್ಯಾಕ್ ಪ್ಯಾಂಥರ್’ ಮಾಡಿದ ಮೇಲೆ ಕೂಗ್ಲರ್‌ಗೂ ಆ ಬಲ ಬಂತು. 2050ರ ಏಪ್ರಿಲ್‌ನಲ್ಲಿ ‘ಸಿನ್ನರ್ಸ್’ ಕೈಸೇರುವಾಗ ಕೂಗ್ಲರ್‌ಗೆ 63 ವರ್ಷ. ಲಿಂಡಾನ 25ರ ಎಣಿಕೆ ಶುರುವಾದದ್ದು ಅವನು ಸತ್ತ ದಿನದಿಂದ.