ಸೈಟು ಕೊಳ್ಳುವ ಮುನ್ನ ತಂಗಿಯ ರುಜು ನೋಡಿ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗ, ಮದುವೆಯಾಗಿ ಎರಡು ವರ್ಷ. ಹಣ್ಣಿನ ಜೊತೆಗೆ ಬಣ್ಣಬಣ್ಣದ ಕರಪತ್ರವೊಂದನ್ನೂ ಮೇಜಿನ ಮೇಲಿಟ್ಟು, "ಸಾರ್, ನೀವೊಮ್ಮೆ ನೋಡಿ ಹೇಳಿದರೆ ನನಗೆ ಧೈರ್ಯ" ಎಂದನು. ರಿಂಗ್ ರಸ್ತೆಯ ಆಚೆ, ಎರಡು ಎಕರೆಯಲ್ಲಿ ಹೊಸ ಬಡಾವಣೆ, 30×40 ಅಳತೆಯ 58 ನಿವೇಶನಗಳು. ವಾಸಕ್ಕಲ್ಲವಂತೆ, ಹೂಡಿಕೆಗಂತೆ. ಮೂರು ವರ್ಷದಲ್ಲಿ ಬೆಲೆ ದುಪ್ಪಟ್ಟಾಗುವುದಂತೆ. ಅವನ ಮಾತಿನಲ್ಲಿ "ಅಂತೆ"ಗಳೇ ಹೆಚ್ಚಾಗಿದ್ದುವು.

ಮೂವತ್ತು ವರ್ಷ ಗಣಿತ ಕಲಿಸಿದವನಾದ್ದರಿಂದ ನಾನು ಮೊದಲು ಕೈಗೆತ್ತಿಕೊಂಡದ್ದು ಪೆನ್ಸಿಲನ್ನು. ಒಂದು ಎಕರೆಗೆ 43,560 ಚದರ ಅಡಿ. ಎರಡು ಎಕರೆಗೆ 87,120. 58 ನಿವೇಶನಗಳಿಗೆ 69,600, ಅಂದರೆ ಶೇಕಡ 80. ರಸ್ತೆಯ ಎರಡು ಬದಿಗೂ 40 ಅಡಿ ಆಳದ ನಿವೇಶನಗಳನ್ನಿಟ್ಟು ನಡುವೆ 30 ಅಡಿ ರಸ್ತೆ ಬಿಟ್ಟರೆ, 110 ಅಡಿಯಲ್ಲಿ 80 ಅಡಿ ಮಾತ್ರ ನಿವೇಶನಕ್ಕೆ ಸಿಗುತ್ತದೆ. ಉದ್ಯಾನ, ಅಡ್ಡರಸ್ತೆ ಯಾವುದನ್ನೂ ಬಿಡದಿದ್ದರೂ ಶೇಕಡ 73ನ್ನು ಮೀರುವಂತಿಲ್ಲ. ಹಾಗಾದರೆ ಉಳಿದ ನಿವೇಶನಗಳು ಎಲ್ಲಿವೆ? ಹುಡುಗನು ನಕ್ಕನು. "ಸಾರ್, ಇದು ಎಂಟನೆಯ ತರಗತಿಯ ಲೆಕ್ಕ" ಎಂದನು. ಲಕ್ಷಾಂತರ ರೂಪಾಯಿ ಕೊಡುವ ಮೊದಲು ಈ ಲೆಕ್ಕವನ್ನು ಮಾಡುವವರು ಎಷ್ಟು ಮಂದಿ?

ನಮ್ಮ ಊರಿನಲ್ಲಿ ಹಿಂದೆ ಈ ತಾಪತ್ರಯ ಇಷ್ಟಿರಲಿಲ್ಲ. ಪ್ಲೇಗಿನ ಹಾವಳಿಯ ತರುವಾಯ 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಬಡಾವಣೆಗಳನ್ನು ತಾನೇ ರೂಪಿಸಿ ನಿವೇಶನ ಹಂಚುತ್ತಿತ್ತು. 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂದಿತು. ಈಗ ಅದೇ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ. ಹಂಚಿಕೆ ಪತ್ರ ಕೈಗೆ ಬಂದರೆ ಸಾಕು, ಮುಂದಿನದು ಸರ್ಕಾರದ ಹೊಣೆ ಎಂದು ನಮ್ಮ ಹಿರಿಯರು ನಿಶ್ಚಿಂತೆಯಿಂದಿದ್ದರು. 2024ರಲ್ಲಿ 50:50 ಬದಲಿ ನಿವೇಶನಗಳ ವಿವಾದವು ನಾಡಿನಾದ್ಯಂತ ಸುದ್ದಿಯಾದ ಮೇಲೆ ಆ ನಿಶ್ಚಿಂತೆಯೂ ಉಳಿದಿಲ್ಲವೆನ್ನಿ. ಅದಿರಲಿ. ಖಾಸಗಿ ಬಡಾವಣೆಯಲ್ಲಂತೂ ಕೊಳ್ಳುವವನೇ ಎಲ್ಲವನ್ನೂ ಪರಿಶೀಲಿಸಬೇಕು.

ಪರಿಶೀಲಿಸಬೇಕಾದ ಕಾಗದಪತ್ರಗಳು ಬಹುಮಟ್ಟಿಗೆ ಎಲ್ಲರಿಗೂ ತಿಳಿದಿರುವಂಥವೇ: ಭೂಪರಿವರ್ತನೆಯ ಆದೇಶ, ಪ್ರಾಧಿಕಾರ ಅನುಮೋದಿಸಿದ ನಕ್ಷೆ, ಇ-ಖಾತೆ, ಕಂದಾಯ ರಸೀದಿ. ನಿವೇಶನಗಳಾಗಿ ವಿಂಗಡಿಸುವ ಜಮೀನು 500 ಚದರ ಮೀಟರ್ ಮೀರಿದರೆ 2016ರ ರೇರಾ ಕಾಯಿದೆಯಡಿ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ. ಹುಡುಗನು ತಂದ ಕರಪತ್ರದಲ್ಲಿ ರೇರಾ ಸಂಖ್ಯೆಯೇ ಇರಲಿಲ್ಲ. ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಕೇಳುವುದೂ ಆ ಕಾಯಿದೆಗೆ ವಿರುದ್ಧ. ಜಿ.ಪಿ.ಎ. ಮಾಡಿಕೊಟ್ಟರೆ ಮಾರಾಟವಾದಂತೆಯೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲೇ ಸ್ಪಷ್ಟಪಡಿಸಿದೆ.

ಇವೆಲ್ಲ ಸರಿಯಿದ್ದೂ ಮೋಸಹೋಗುವ ಒಂದು ಜಾಗವುಂಟು. ಅದನ್ನು ನಾನು ಸ್ವಂತ ಹಣ ತೆತ್ತು ಕಲಿತಿದ್ದೇನೆ.

1996ರಲ್ಲಿ ನಾವು ಕೆಲವು ಉಪಾಧ್ಯಾಯರು ಸೇರಿ ಊರ ಹೊರಗೆ ಒಂದೊಂದು ನಿವೇಶನ ಕೊಂಡೆವು. ಚೀಟಿಯ ಹಣ ಸಾಲದೆ ನನ್ನ ಹೆಂಡತಿ ತನ್ನ ಬಳೆಗಳನ್ನು ಅಡವಿಡಲು ಕೊಟ್ಟಳು. ಮಾರಿದವರು ಮೂವರು ಅಣ್ಣತಮ್ಮಂದಿರು. ತಂದೆ ತೀರಿಕೊಂಡಿದ್ದರು; ಪೌತಿ ಖಾತೆ ಮೂವರ ಹೆಸರಿಗಾಗಿತ್ತು; ಪಹಣಿಯಲ್ಲಿ ಮೂವರ ಹೆಸರಿತ್ತು; ಋಣಭಾರ ಪತ್ರವೂ ನಿರ್ಮಲವಾಗಿತ್ತು. ವಕೀಲರೊಬ್ಬರು ನೋಡಿ ಸರಿಯಿದೆ ಎಂದರು. 2001ರಲ್ಲಿ ನ್ಯಾಯಾಲಯದ ಸಮನ್ಸು ಬಂದಾಗಲೇ ನಮಗೆ ತಿಳಿದದ್ದು, ಆ ಮೂವರಿಗೆ ಇಬ್ಬರು ತಂಗಿಯರಿದ್ದಾರೆಂದು.

ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಯಾರನ್ನು ಕೇಳಲೇ ಇಲ್ಲವೋ ಅವರ ಹಕ್ಕು ಅದರಲ್ಲಿ ಕಾಣುವುದಿಲ್ಲ. ಖಾತೆಯಾದರೂ ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಮಗಳಿಗೆ ಹುಟ್ಟಿನಿಂದಲೇ ಮಗನ ಸಮನಾದ ಹಕ್ಕು ದೊರೆತದ್ದು 2005ರ ತಿದ್ದುಪಡಿಯಿಂದ ಎಂಬುದು ನಿಜ. ಆದರೆ ಸತ್ತ ತಂದೆಯ ಪಾಲಿನಲ್ಲಿ ಅವಳಿಗೆ ಭಾಗವಿದ್ದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ. ಇದನ್ನು ಬಿ.ಎಡ್. ಓದಿದ ನಾವ್ಯಾರೂ ಯೋಚಿಸಿರಲಿಲ್ಲ. ಮದುವೆಯಾಗಿ ಹೋದವಳಿಗೆ ಜಮೀನೆಲ್ಲಿ ಎಂಬುದು ನಮ್ಮ ಮನಸ್ಸಿನಲ್ಲೂ ಇದ್ದಿರಬೇಕು.

ಹನ್ನೊಂದು ವರ್ಷ ವ್ಯಾಜ್ಯ ನಡೆಯಿತು. ನಿವೇಶನದ ಮೇಲೆ ಒಂದು ಇಟ್ಟಿಗೆಯನ್ನೂ ಇಡುವಂತಿರಲಿಲ್ಲ. ಸ್ವಂತ ಮನೆಯಲ್ಲಿ ಒಂದು ದೀಪಾವಳಿ ನೋಡಬೇಕೆನ್ನುತ್ತಿದ್ದ ನನ್ನ ತಾಯಿ ಬಾಡಿಗೆ ಮನೆಯಲ್ಲೇ ಕಣ್ಣು ಮುಚ್ಚಿದರು. ಒಂದು ದಿನ ನ್ಯಾಯಾಲಯದ ಜಗಲಿಯಲ್ಲಿ ಆ ತಂಗಿಯರಲ್ಲಿ ಹಿರಿಯಾಕೆ ಕುಳಿತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ನನ್ನ ಸಿಟ್ಟು ತಡೆಯದೆ, "ನೀವು ಐದು ವರ್ಷ ಸುಮ್ಮನಿದ್ದುದೇಕಮ್ಮ?" ಎಂದು ಕೇಳಿಯೇಬಿಟ್ಟೆನು. ಆಕೆ ನನ್ನನ್ನು ನೋಡಿ, "ನಮ್ಮಣ್ಣಂದಿರು ಹೇಳ್ಲಿಲ್ಲ ಮೇಷ್ಟ್ರೇ. ನೀವಾದ್ರೂ ಒಂದು ಮಾತು ಬಂದು ಕೇಳಿದ್ರಾ?" ಎಂದರು. ಆಕೆಯ ಊರು ನಮ್ಮ ನಿವೇಶನದಿಂದ ಎಂಟು ಮೈಲಿಯೂ ಇರಲಿಲ್ಲ. ನನಗೆ ಉತ್ತರ ತೋಚಲಿಲ್ಲ. 2012ರಲ್ಲಿ ರಾಜಿಯಾಯಿತು, ನಾವೆಲ್ಲರೂ ಅವರಿಬ್ಬರಿಗೂ ಮತ್ತಷ್ಟು ಹಣ ಕೊಟ್ಟೆವು. ಅದು ಅನ್ಯಾಯವೆಂದು ನಾನು ಇಂದು ಹೇಳಲಾರೆ.

ಆದುದರಿಂದ ಹೊಸದಾಗಿ ಹಣ ತೊಡಗಿಸುವವರಿಗೆ ನನ್ನ ಅಭಿಪ್ರಾಯವಿಷ್ಟು. ಬೆಲೆ ಎಷ್ಟು ಏರುವುದೆಂದು ವಿಚಾರಿಸುವ ಮೊದಲು, ಈ ಜಮೀನು ಯಾರದಾಗಿತ್ತು, ಅವರ ಮಕ್ಕಳು ಎಷ್ಟು ಮಂದಿ ಎಂದು ವಿಚಾರಿಸಿ. ವಂಶವೃಕ್ಷವನ್ನು ತರಿಸಿಕೊಳ್ಳಿ, ಆದರೆ ಅದೂ ಮನೆಯವರ ಹೇಳಿಕೆಯನ್ನು ನೆಚ್ಚಿಕೊಂಡೇ ಸಿದ್ಧವಾಗುವುದರಿಂದ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದುಂಟು. ಹಳ್ಳಿಗೇ ಹೋಗಿ, ಅರಳಿಕಟ್ಟೆಯ ಬಳಿ ಕುಳಿತ ಹಿರಿಯರನ್ನು ಕೇಳಿ. ದಲ್ಲಾಳಿಯನ್ನು ಜೊತೆಗೆ ಕರೆದೊಯ್ಯಬೇಡಿ. ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದುದೇ ಎಂಬುದನ್ನೂ ನೋಡಿ. 1978ರ ಕಾಯಿದೆಯ ಪ್ರಕಾರ ಅಂಥ ಭೂಮಿಯನ್ನು ಅನುಮತಿಯಿಲ್ಲದೆ ಮಾರಿದ್ದರೆ ಎಷ್ಟೋ ವರ್ಷಗಳ ಮೇಲೂ ಅದು ಹಿಂದಕ್ಕೆ ಹೋಗಬಹುದು.

ಇನ್ನು ಸಾಲ ಮಾಡಿ ಖಾಲಿ ನಿವೇಶನ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮನೆಗಾದರೆ ಬಾಡಿಗೆ ಬರುತ್ತದೆ. ಖಾಲಿ ನಿವೇಶನದಲ್ಲಿ ಬೆಳೆಯುವುದು ಕಾಂಗ್ರೆಸ್ ಗಿಡವೊಂದೇ. ಬೇಕೆಂದ ದಿನ ಮಾರಿ ಹಣ ಮಾಡಿಕೊಳ್ಳಲೂ ಆಗದು. 2023ರಲ್ಲಿ ಬೆಂಗಳೂರು ಹೆದ್ದಾರಿ ಉದ್ಘಾಟನೆಯಾದಂದಿನಿಂದ ಪ್ರತಿಯೊಂದು ಕರಪತ್ರದಲ್ಲೂ "ಬೆಂಗಳೂರಿಗೆ ಒಂದೂವರೆ ಗಂಟೆ" ಎಂದಿರುತ್ತದೆ. ಆ ಹೆದ್ದಾರಿಯ ಲಾಭವನ್ನು ಮಾರುವವನು ಬೆಲೆಯಲ್ಲಿ ಆಗಲೇ ಸೇರಿಸಿಕೊಂಡಿರುತ್ತಾನೆ.

ಹುಡುಗನು ಬುಧವಾರ ದೂರವಾಣಿ ಮಾಡಿದ್ದನು. ಜಮೀನಿನವರಿಗೆ ಅಕ್ಕತಂಗಿಯರು ಮೂವರಿದ್ದಾರಂತೆ, ಒಬ್ಬರು ನಂಜನಗೂಡಿನಲ್ಲಿ. "ಅವರಿಂದ ಹಕ್ಕು ಬಿಡುಗಡೆ ಪತ್ರ ಆಮೇಲೆ ಮಾಡಿಸಿಕೊಡುತ್ತೇವೆ, ಮೊದಲು ಅಡ್ವಾನ್ಸ್ ಕೊಡಿ" ಎಂದು ದಲ್ಲಾಳಿಯು ಹೇಳಿದನಂತೆ. ಮೂವರ ರುಜುವಿರುವ ಪತ್ರವು ನೋಂದಣಿಯಾಗಿ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡವೆಂದು ಹೇಳಿದ್ದೇನೆ. ಬರುವ ಭಾನುವಾರ ಅವನು ನಂಜನಗೂಡಿಗೆ ಹೋಗುವವನಿದ್ದಾನೆ. ನಾನೂ ಜೊತೆಗೆ ಹೋಗುತ್ತೇನೆ.